ಹದಿನೆಂಟು ಸಾಲು

ಈವತ್ತು ಹೇಳಿಬಿಡಬೇಕು ಎಂದು ಗೋವಿಂದರಾಜು ಹಲ್ಲುಜ್ಜುವಾಗಲೇ ತೀರ್ಮಾನಿಸಿದ್ದ. ಕಾಫಿ ಲೋಟ ಕೆಳಗಿಡುವ ಹೊತ್ತಿಗೆ ನಾಳೆ ಹೇಳಿದರೂ ಮುಳುಗಿಹೋಗುವುದೇನಿಲ್ಲ ಅನ್ನಿಸಿತ್ತು. ಬೆಳಿಗ್ಗೆ ಆರಕ್ಕೆ ಗಟ್ಟಿಯಾಗಿ ಎಂಟಕ್ಕೆ ಮೆತ್ತಗಾಗುವ ಈ ತೀರ್ಮಾನ ಎರಡು ವರ್ಷದಿಂದ ಅವನ ಜೊತೆ ಸಂಸಾರ ಮಾಡಿಕೊಂಡಿತ್ತು. ಅದು ಮಗ್ಗುಲು ಬದಲಿಸುವ ರೀತಿ ಕೂಡ ಅವನಿಗೆ ಅಭ್ಯಾಸವಾಗಿಬಿಟ್ಟಿತ್ತು. ಹೊಸಿಲ ಹತ್ತಿರ ಹೆಂಡತಿ ಆದಿಲಕ್ಷ್ಮಮ್ಮ ಗೋಣಿಚೀಲ ಹಾಸಿಕೊಂಡು, ನಲ್ಲೂರಿನ ತವರಿನಿಂದ ಬಂದ ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು. ಊಟದ ಡಬ್ಬಿ ತೆಗೆದುಕೊಂಡಿರಾ ಎಂದು ಎರಡು ಸಲ ಕೇಳಿದಳು. ಅವನು ಎರಡು ಸಲವೂ ಹೂಂ ಅಂದು ಡಬ್ಬಿಯನ್ನು ಮೇಜಿನ ಮೇಲೇ ಬಿಟ್ಟು ಹೊರಟ. "ಹುಣಸೆಹಣ್ಣು ಬಿಡಿಸ್ತಿರೋಳು ನಾನು, ಮುಖ ಹುಳಿ ಮಾಡ್ಕೊಂಡಿರೋರು ನೀವು," ಎಂದು ಅವಳೇ ಎದ್ದು ಡಬ್ಬಿ ತಂದು ಕೈಗೆ ಕೊಟ್ಟಳು. ಅವಳಿಗೂ ಅವನು ಹೇಳಿರಲಿಲ್ಲ. ಹೇಳಿದ್ದರೆ ಅವಳು ಬೈಯುತ್ತಿರಲಿಲ್ಲ, ಪೂಜೆಯ ದಿನ ಯಂತ್ರ ನಿಲ್ಲಿಸದೆ ಇನ್ನೇನು ಮಾಡಬೇಕಿತ್ತು ಅಂದುಬಿಡುತ್ತಿದ್ದಳು. ಅಷ್ಟು ಅಗ್ಗವಾಗಿ ಕ್ಷಮೆ ಸಿಕ್ಕಿಬಿಟ್ಟರೆ ಎಂಬುದೇ ಅವನ ಭಯವಾಗಿತ್ತು.

ದೊಡ್ಡಬಳ್ಳಾಪುರದ ಬೀದಿಗಳಲ್ಲಿ ಆ ಹೊತ್ತಿಗೆ ಮಗ್ಗಗಳು ಶುರುವಾಗಿದ್ದವು. ಮೊದಲು ಬೀದಿಗೆ ಇಪ್ಪತ್ತು ಮನೆಯಲ್ಲಿ ಬಡಿಯುತ್ತಿದ್ದ ಸದ್ದು ಈಗ ಆರೇಳು ಮನೆಗಳಲ್ಲಿ ಉಳಿದಿತ್ತು, ಆದರೂ ಮೊಪೆಡ್ಡಿನ ಸದ್ದನ್ನು ಮುಳುಗಿಸಲು ಅಷ್ಟೇ ಸಾಕು. ಗೋವಿಂದರಾಜು ಹನ್ನೆರಡು ವರ್ಷ ಹನುಮಂತರಾಯಪ್ಪನವರ ವಿದ್ಯುತ್ ಮಗ್ಗದ ಶೆಡ್ಡಿನಲ್ಲಿ ಮೆಕ್ಯಾನಿಕ್ಕಾಗಿದ್ದವನು. ಯಾವ ಮಗ್ಗ ಯಾವ ಮೊಳೆ ಸಡಿಲಾಗಿ ಕೆಮ್ಮುತ್ತಿದೆ ಎಂದು ಬೀದಿಯಲ್ಲಿ ಹೋಗುತ್ತಲೇ ಹೇಳಬಲ್ಲವನು. ಆ ಕಿವಿ ನೋಡಿಯೇ ಅವನನ್ನು ಬಾಶೆಟ್ಟಿಹಳ್ಳಿಯ ಕಾರ್ಖಾನೆಗಳ ನಡುವಿನ ಎರಡು ಮಹಡಿಯ ಪ್ರಯೋಗಾಲಯಕ್ಕೆ ಟೆಕ್ನಿಷಿಯನ್ ಆಗಿ ತೆಗೆದುಕೊಂಡಿದ್ದರು. ಈವತ್ತು ಮೂರು ಗಂಟೆಗೆ ಅಲ್ಲಿನ ವಿಜ್ಞಾನಿ ಕೀರ್ತನ ಒಂದು ಕಾಗದಕ್ಕೆ ಸಹಿ ಹಾಕುವವಳಿದ್ದಳು. ನಾನು ಪ್ರಕಟಿಸಿದ ಪ್ರಯೋಗದ ಅಂಕಿಗಳು ನಂಬಲರ್ಹವಲ್ಲ, ಲೇಖನವನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ ಎಂಬ ಕಾಗದ. ಸಹಿ ಹಾಕಿದರೆ ಮಾರ್ಚಿಗೆ ಅವಳ ಕೆಲಸ ಮುಗಿಯುತ್ತದೆ, ಆಮೇಲೆ ಇನ್ನೊಂದು ಪ್ರಯೋಗಾಲಯ ಅವಳನ್ನು ಬಾಗಿಲೊಳಗೆ ಬಿಡುವುದಿಲ್ಲ. ಅಂಕಿಗಳನ್ನು ಅವಳು ಮನೆಯಲ್ಲಿ ಕೂತು ಬರೆದಳು ಎಂದು ಎಲ್ಲರೂ ಬಾಯಿಬಿಟ್ಟು ಹೇಳದೆ ಹೇಳುತ್ತಿದ್ದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು ಅನ್ನುವ ಮಾತು ಅವನಿಗೆ ಗೊತ್ತಿಲ್ಲದ್ದಲ್ಲ. ಆ ಎತ್ತು ಮೊಪೆಡ್ಡಿನ ಮೇಲೆ ಕೂತು, ಹೆಲ್ಮೆಟ್ ಹಾಕಿಕೊಂಡು, ರೈಲ್ವೆ ಗೇಟಿನಲ್ಲಿ ಗೂಡ್ಸ್ ಗಾಡಿ ದಾಟುವುದನ್ನು ಕಾಯುತ್ತಿತ್ತು.

ಗೇಟಿನ ಮೇಲೆ ವಿಮಾನವೊಂದು ಚಕ್ರ ಬಿಚ್ಚಿಕೊಂಡು ದೇವನಹಳ್ಳಿಯ ಕಡೆ ಇಳಿಯುತ್ತಿತ್ತು. ಯಾರೂ ತಲೆಯೆತ್ತಲಿಲ್ಲ. ಮಧ್ಯಾಹ್ನದ ಇಂಥದೊಂದರಲ್ಲಿ ದೆಹಲಿಯಿಂದ ಒಬ್ಬ ಹಿರಿಯ ವಿಜ್ಞಾನಿ ಬರುವವರಿದ್ದರು, ಕೀರ್ತನ ಸಹಿ ಹಾಕುವಾಗ ಎದುರಿಗೆ ಕೂರುವುದಕ್ಕೆ. ಒಂದು ಸಹಿಗಾಗಿ ಅಷ್ಟು ದೂರದಿಂದ ಹಾರಿ ಬರುತ್ತಾರೆ, ನಾನು ಎರಡು ವರ್ಷದಿಂದ ಹತ್ತು ಅಡಿ ದೂರದ ಅವಳ ಮೇಜಿಗೆ ಹೋಗಲಾರದೆ ಇದ್ದೇನೆ ಎಂದು ಗೋವಿಂದರಾಜು ಯೋಚಿಸಿದ. ಯೋಚನೆ ಬೇರೆ ಯಾರದೋ ಎಂಬಂತೆ ಬಂದು ಹೋಯಿತು. ಗೇಟು ತೆರೆದಾಗ ಹಿಂದಿನ ಲಾರಿಯವನು ಹಾರ್ನ್ ಹೊಡೆದ.

ಪ್ರಯೋಗಾಲಯದ ಕೆಲಸವನ್ನು ಅವನು ಹೆಂಡತಿಗೆ ಒಂದು ಸಲ ಹೀಗೆ ವಿವರಿಸಿದ್ದ. ಭೂಮಿಯೊಳಗೆ ಸಾವಿರಾರು ಅಡಿ ಕೆಳಗೆ ಎಣ್ಣೆ ಕೆರೆಯ ಹಾಗೆ ನಿಂತಿರುವುದಿಲ್ಲ, ಮರಳುಗಲ್ಲಿನ ಸಂದಿಗಳಲ್ಲಿ ಅಂಟಿಕೊಂಡಿರುತ್ತದೆ. ನೀರು ತಳ್ಳಿದರೆ ಅರ್ಧ ಬರುತ್ತದೆ, ಉಳಿದರ್ಧ ಕಲ್ಲನ್ನು ಬಿಡುವುದಿಲ್ಲ. ಅದನ್ನು ಬಿಡಿಸುವುದು ಹೇಗೆ ಎಂದು ನೋಡಲು ಹಳೆಯ ಬಾವಿಯೊಂದರಿಂದ ಕೊರೆದು ತಂದ ಲಟ್ಟಣಿಗೆ ತುಂಡಿನಂಥ ಕಲ್ಲನ್ನು ಉಕ್ಕಿನ ಕೊಳವೆಯಲ್ಲಿ ಬಿಗಿದು, ಉಪ್ಪುನೀರು ಕುಡಿಸಿ, ಎಣ್ಣೆ ಕುಡಿಸಿ, ಆರು ವಾರ ಬಿಸಿಯಲ್ಲಿ ಇಟ್ಟು, ಆಮೇಲೆ ಪಂಪಿನಿಂದ ಮಜ್ಜಿಗೆ ನೀರಿನ ಬಣ್ಣದ ಒಂದು ದ್ರವವನ್ನು ನಿಧಾನವಾಗಿ ತಳ್ಳುತ್ತಾರೆ. ಆ ದ್ರವದಲ್ಲಿ ನ್ಯಾನೋ ಕಣಗಳಿರುತ್ತವೆ. ಅವು ಎಷ್ಟು ಸಣ್ಣವು ಎಂದು ಅವನಿಗೆ ಹೇಳಿಕೊಟ್ಟವಳು ಕೀರ್ತನ. ನೆಲಮಂಗಲದ ಹುಡುಗಿ, ಆಗಷ್ಟೇ ಡಾಕ್ಟರೇಟ್ ಮುಗಿಸಿ ಕೆಲಸಕ್ಕೆ ಸೇರಿದ್ದಳು. ಕಿಟಕಿಯಾಚೆ ದೂರದಲ್ಲಿ ಮಂಜಿನೊಳಗೆ ಕಾಣುತ್ತಿದ್ದ ಮಾಕಳಿದುರ್ಗವನ್ನು ತೋರಿಸಿ, ಆ ಬೆಟ್ಟದ ಮುಂದೆ ಒಂದು ರಾಗಿಕಾಳು ಎಷ್ಟೋ, ರಾಗಿಕಾಳಿನ ಮುಂದೆ ಈ ಕಣ ಅಷ್ಟು ಅಂದಿದ್ದಳು. ಗೋವಿಂದರಾಜು ಆ ಮಾತನ್ನು ಮನೆಗೆ ತೆಗೆದುಕೊಂಡು ಹೋಗಿ ಆದಿಲಕ್ಷ್ಮಮ್ಮನಿಗೆ ಹೇಳಿದ್ದ. ಹಾಗಿದ್ದರೆ ಅದನ್ನು ಎಣಿಸುವವರು ಯಾರು ಅಂತ ಅವಳು ಕೇಳಿದ್ದಳು. ಎಣ್ಣೆ ಬಿಟ್ಟುಹೋದ ಸಂದಿಗಳಲ್ಲಿ ಕಾರ್ಖಾನೆ ಚಿಮಣಿಯ ಇಂಗಾಲದ ಅನಿಲವನ್ನು ತುಂಬಿಸಿ ಮುಚ್ಚಿಬಿಡಬಹುದು, ಅದು ಮೇಲೆ ಬಂದು ಲೋಕವನ್ನು ಕಾಯಿಸುವುದಿಲ್ಲ, ಇದೇ ಕೀರ್ತನಳ ಕನಸು. ಎಣ್ಣೆ ತೆಗೆಯುವುದು ಕಂಪನಿಗೆ ಬೇಕು, ಅನಿಲ ಹೂಳುವುದು ನನಗೆ ಬೇಕು ರಾಜಣ್ಣ ಎನ್ನುತ್ತಿದ್ದಳು. ಅವನನ್ನು ರಾಜಣ್ಣ ಎಂದು ಕರೆಯುತ್ತಿದ್ದವಳು ಆ ಕಟ್ಟಡದಲ್ಲಿ ಅವಳೊಬ್ಬಳೇ. ಉಳಿದವರಿಗೆ ಅವನು ಪಂಪಿನವನು.

ಪಂಪು ನಿಲ್ಲಬಾರದು, ಅದೇ ನಿಯಮ. ಮೂರು ದಿನ ಒಂದೇ ಸಮ, ನಿಮಿಷಕ್ಕೆ ಎರಡು ಹನಿಯ ಲೆಕ್ಕದಲ್ಲಿ ತಳ್ಳುತ್ತಿರಬೇಕು. ಗಂಟೆಗೊಮ್ಮೆ ಒತ್ತಡದ ಮುಳ್ಳು ನೋಡಿ, ಆಚೆ ತುದಿಯ ಅಳತೆಗಾಜಿನಲ್ಲಿ ಎಣ್ಣೆ ಎಷ್ಟು ಬಿತ್ತು ನೋಡಿ, ಪುಸ್ತಕದಲ್ಲಿ ಬರೆಯಬೇಕು. ಎರಡು ವರ್ಷದ ಹಿಂದೆ ಆ ಮೂರು ದಿನಗಳ ನಡುವೆ ಆಯುಧಪೂಜೆ ಬಂದಿತ್ತು. ಕಲ್ಲು ಹದಕ್ಕೆ ಬಂದುಬಿಟ್ಟಿದೆ, ಮುಂದಕ್ಕೆ ಹಾಕಲಾಗುವುದಿಲ್ಲ ಎಂದು ಕೀರ್ತನ ಅಂದಳು. ಹಬ್ಬಕ್ಕೆ ಯಾರು ಇರುತ್ತಾರೆ ಎಂಬ ಮಾತು ಬಂದಾಗ, ನಮ್ಮ ರಾಜಣ್ಣ ಇರ್ತಾರಲ್ಲ ಎಂದು ಅವಳೇ ಹೇಳಿದಳು. ಅವನನ್ನು ಕೇಳಲಿಲ್ಲ. ಪ್ರೀತಿಯಿಂದಲೇ ಕೇಳದೆ ಹೋದಳು. ಅದು ಅವನಿಗೆ ಒಂದು ಸಣ್ಣ ಮುಳ್ಳಾಗಿ ಚುಚ್ಚಿದ್ದು ಅವನಿಗೇ ಆಗ ಗೊತ್ತಾಗಿರಲಿಲ್ಲ. ಹಬ್ಬದ ದಿನ ಕಟ್ಟಡದಲ್ಲಿ ಅವನು ಮತ್ತು ಗೇಟಿನ ಕಾವಲುಗಾರ ಇಬ್ಬರೇ. ಅವನು ಮನೆಯಿಂದ ಅರಿಶಿನ, ಕುಂಕುಮ, ಚೆಂಡುಹೂವು, ನಿಂಬೆಹಣ್ಣು, ಒಂದು ಬೂದುಗುಂಬಳ ತಂದಿದ್ದ. ಪಂಪಿಗೆ ಕುಂಕುಮ ಇಟ್ಟ. ಉಕ್ಕಿನ ಕೊಳವೆಗೆ ಇಟ್ಟ. ಒತ್ತಡವನ್ನು ತಾನೇ ಬರೆದಿಟ್ಟುಕೊಳ್ಳುವ ಕಂಪ್ಯೂಟರಿಗೂ ಇಟ್ಟ. ಕರ್ಪೂರ ಹಚ್ಚಿದಾಗ ಪಂಪು ಟಿಕ್ ಟಿಕ್ ಎಂದು ನಡೆಯುತ್ತಲೇ ಇತ್ತು, ಮತ್ತು ಅವನ ಕೈ ಆರತಿಯ ತಟ್ಟೆ ಹಿಡಿದು ನಿಂತುಬಿಟ್ಟಿತು. ಹನ್ನೆರಡು ವರ್ಷ ಅವನು ಓಡುವ ಯಂತ್ರಕ್ಕೆ ಆರತಿ ಎತ್ತಿರಲಿಲ್ಲ. ಹನುಮಂತರಾಯಪ್ಪನವರು ಸೀರೆ ಅರ್ಧಕ್ಕಿದ್ದರೂ, ಬೆಂಗಳೂರಿನ ಅಂಗಡಿಯವನು ಬಾಗಿಲಲ್ಲಿ ನಿಂತಿದ್ದರೂ, ಆ ದಿನ ಮಗ್ಗ ನಿಲ್ಲಿಸಿ ಮಾರನೆಯ ಬೆಳಿಗ್ಗೆಯವರೆಗೆ ಯಾರನ್ನೂ ಮುಟ್ಟಗೊಡುತ್ತಿರಲಿಲ್ಲ. ದುಡಿಯೋ ಕಬ್ಬಿಣಕ್ಕೂ ವರ್ಷಕ್ಕೊಂದು ದಿನ ಮೈಕೈ ನೋವು ಅಂತ ಇರ್ತದೆ ಕಣೋ, ಮಲಗಲಿ ಬಿಡು ಎನ್ನುತ್ತಿದ್ದರು. ಗೋವಿಂದರಾಜು ಪಂಪಿನ ಸ್ವಿಚ್ಚು ಆರಿಸಿದ. ಕಂಪ್ಯೂಟರನ್ನೂ ಆರಿಸಿದ. ಗಡಿಯಾರದಲ್ಲಿ ಹನ್ನೆರಡು ಗಂಟೆ.

ಐದು ನಿಮಿಷಕ್ಕೆಂದೇ ಆರಿಸಿದ್ದು. ಕುಂಬಳಕಾಯಿ ಒಡೆದು, ಕಾವಲುಗಾರನಿಗೆ ಕಡ್ಲೆಪುರಿ ಕೊಟ್ಟು ಒಳಗೆ ಬಂದಾಗ ಆ ಕೋಣೆಯ ಮೌನ ಅವನಿಗೆ ಬಹಳ ಹಿತವಾಗಿ ಕಂಡಿತು. ಮತ್ತೆ ಸ್ವಿಚ್ಚು ಒತ್ತಲು ಹೋದ ಬೆರಳನ್ನು ಹಿಂದಕ್ಕೆ ಎಳೆದದ್ದು ಭಕ್ತಿಯೋ, ಮನೆಯ ಒಬ್ಬಟ್ಟೋ, ಅಥವಾ ಕೇಳದೆ ಹೋದವಳ ಮೇಲಿನ ಮುನಿಸೋ ಎಂದು ಅವನು ಆಮೇಲೆ ಎಷ್ಟೋ ಸಲ ತನ್ನನ್ನೇ ವಿಚಾರಣೆ ಮಾಡಿದ್ದಾನೆ. ಮೂರೂ ಇದ್ದವು. ದೇವರ ಹೆಸರು ಮೂರಕ್ಕೂ ಹೊದಿಕೆಯಾಯಿತು. ಅವನು ಬಾಗಿಲು ಎಳೆದುಕೊಂಡು ಮನೆಗೆ ಹೋದ, ಉಂಡ, ಮಲಗಿದ, ಸಂಜೆ ಬೀದಿಯ ಮಗ್ಗಗಳೆಲ್ಲ ಸುಮ್ಮನಿರುವುದನ್ನು ಕೇಳುತ್ತ ಜಗಲಿಯಲ್ಲಿ ಕೂತ. ಮಾರನೆಯ ಬೆಳಿಗ್ಗೆ ಆರಕ್ಕೆ ಬಂದು ಪಂಪು ಶುರುಮಾಡಿದ. ಏಳಕ್ಕೆ ಸ್ವಲ್ಪ ಮುಂಚೆ ಅಳತೆಗಾಜಿಗೆ ಕಂದು ಬಣ್ಣದ ಒಂದು ಎಳೆ ಇಳಿಯಿತು. ಒಂದು ಹನಿ ಬಂದರೆ ಹೆಚ್ಚು ಎಂದುಕೊಂಡಿದ್ದ ಜಾಗದಲ್ಲಿ ಎಳೆ ಕಡಿಯದೆ ಬರುತ್ತಲೇ ಇತ್ತು. ಅವನು ಮಂಡಿಯೂರಿ ಕೂತು ಗಾಜಿನ ಮಟ್ಟಕ್ಕೆ ಕಣ್ಣಿಟ್ಟು ನೋಡಿದ. ಒಂದು ಪಾಯಿಂಟ್ ನಾಲ್ಕು ಮಿಲಿಲೀಟರ್. ಕಲ್ಲಿನೊಳಗಿದ್ದ ಎಣ್ಣೆಯಲ್ಲಿ ನೂರಕ್ಕೆ ಹನ್ನೆರಡು ಪಾಲು, ಒಂದೇ ಗಂಟೆಯಲ್ಲಿ. ಅವನ ಹತ್ತು ವರ್ಷದ ನೌಕರಿಯಲ್ಲಿ ಅಂಥದನ್ನು ಕಂಡಿರಲಿಲ್ಲ. ಕಣ್ಣಲ್ಲಿ ನೀರು ಬಂತು, ಏಕೆಂದು ಗೊತ್ತಿಲ್ಲ. ಆಮೇಲೆ ಪುಸ್ತಕ ತೆರೆದ. ಹಿಂದಿನ ಮಧ್ಯಾಹ್ನ ಒಂದರಿಂದ ಆ ಬೆಳಿಗ್ಗೆ ಆರರವರೆಗೆ ಹದಿನೆಂಟು ಖಾಲಿ ಸಾಲುಗಳಿದ್ದವು. ಅವನು ಕುರ್ಚಿ ಎಳೆದುಕೊಂಡು, ಕಾಫಿ ಕುಡಿಯುತ್ತ, ಹದಿನೆಂಟನ್ನೂ ತುಂಬಿದ. ಹತ್ತೂವರೆಗೆ ಕೀರ್ತನ ಫೋನು ಮಾಡಿದಳು. ಕರೆಂಟು ಹೋಗಿ ಕಂಪ್ಯೂಟರು ಆರಿತ್ತು, ಪಂಪು ಬ್ಯಾಟರಿಯ ಮೇಲೆ ಓಡಿತು, ರೀಡಿಂಗು ಕೈಯಲ್ಲಿ ಬರೆದಿದ್ದೇನೆ ಎಂದು ಹೇಳಿದ. ದೊಡ್ಡಬಳ್ಳಾಪುರದಲ್ಲಿ ಕರೆಂಟು ಹೋಯಿತೆಂದರೆ ಯಾರೂ ಸಾಕ್ಷಿ ಕೇಳುವುದಿಲ್ಲ.

ಲೇಖನ ಅಚ್ಚಾದ ದಿನ ಅವಳು ಮೈಸೂರುಪಾಕಿನ ಡಬ್ಬಿ ತಂದಿದ್ದಳು. ಕೊನೆಯ ಪುಟದಲ್ಲಿ ಅವನ ಹೆಸರು. ಮೂರು ದಿನ ಎಡೆಬಿಡದೆ ಪಂಪು ಕಾದ ಗೋವಿಂದರಾಜು ಅವರಿಗೆ ಕೃತಜ್ಞತೆಗಳು ಎಂದು ಇಂಗ್ಲಿಷಿನ ಸಾಲನ್ನು ಅವಳೇ ಓದಿ ಅರ್ಥ ಹೇಳಿದಳು. ಎಡೆಬಿಡದೆ ಅನ್ನುವ ಮಾತಿಗೆ ಅವನು ಹೆಗಲು ಮುಟ್ಟಿಕೊಳ್ಳದೆ ನಿಂತದ್ದೇ ಹೆಚ್ಚು, ಕುಂಬಳಕಾಯಿ ಕಳ್ಳನಿಗಿಂತ ಅಷ್ಟು ಜಾಣ. ಆ ಪುಟವನ್ನು ಆದಿಲಕ್ಷ್ಮಮ್ಮ ಲ್ಯಾಮಿನೇಷನ್ ಮಾಡಿಸಿ ಟಿವಿಯ ಪಕ್ಕ ನಿಲ್ಲಿಸಿದ್ದಾಳೆ. ಬಂದವರಿಗೆಲ್ಲ ತೋರಿಸುತ್ತಾಳೆ. ಆರು ತಿಂಗಳು ಕೀರ್ತನಳನ್ನು ಊರೂರಿಗೆ ಕರೆದರು. ಅವಳು ಹೋಗಿ ಬಂದು, ಎಣ್ಣೆ ಬಿಟ್ಟ ಜಾಗದಲ್ಲಿ ಅನಿಲ ಹೇಗೆ ಕಚ್ಚಿಕೊಂಡು ನಿಂತಿತು, ಯಾರು ಏನು ಕೇಳಿದರು ಎಂದೆಲ್ಲ ಅವನಿಗೆ ಹೇಳುತ್ತಿದ್ದಳು, ಅರ್ಥವಾಗಲಿ ಬಿಡಲಿ. ಆಮೇಲೆ ಗುಜರಾತಿನ ಕಡೆಯ ಒಂದು ಪ್ರಯೋಗಾಲಯದವರು ಅದೇ ದ್ರವ, ಅಂಥದೇ ಕಲ್ಲು ಇಟ್ಟು ಮಾಡಿದರು. ಎಣ್ಣೆ ಬರಲಿಲ್ಲ. ಹೊರದೇಶದಲ್ಲೊಬ್ಬರು ಮಾಡಿದರು. ಬರಲಿಲ್ಲ. ಕೀರ್ತನ ತಾನೇ ಮೂರು ಸಲ ಮಾಡಿದಳು. ಮೂರು ಸಲವೂ ಗೋವಿಂದರಾಜು ಪಂಪಿನ ಮುಂದೆ ಕೂತಿದ್ದ, ಮಡಿಯಲ್ಲಿ ಕೂತವನ ಹಾಗೆ, ಕರೆಂಟು ಹೋದರೆ ಬ್ಯಾಟರಿಗೆ ಬ್ಯಾಟರಿ ಜೋಡಿಸಿಕೊಂಡು, ಒಂದು ನಿಮಿಷ ನಿಲ್ಲಗೊಡದೆ. ಒಂದು ದಿನವೂ ಸುಳ್ಳು ಬರೆಯಲಿಲ್ಲ. ಅವನು ಪ್ರಾಮಾಣಿಕನಾದಷ್ಟೂ ಅವಳು ಸುಳ್ಳುಗಾರ್ತಿಯಾಗುತ್ತ ಹೋದಳು.

ಮೂರನೆಯ ಸಲ ಅವನು ಒಂದು ಪ್ರಯತ್ನ ಮಾಡಿದ್ದ. ಅಷ್ಟು ಹೊತ್ತಿಗೆ ಅವನಿಗೆ ವಿಷಯ ಹೊಳೆದಿತ್ತು. ಅಡುಗೆಮನೆಯಲ್ಲಿ ಹೆಂಡತಿ ಹುಣಸೆಹಣ್ಣನ್ನು ನೀರಿಗೆ ಹಾಕಿ ಪಕ್ಕಕ್ಕಿಟ್ಟಿದ್ದನ್ನು ನೋಡುತ್ತ ನಿಂತಾಗ, ತಳ್ಳಿದ್ದಕ್ಕಲ್ಲ, ನೆನೆದದ್ದಕ್ಕೆ ಎಣ್ಣೆ ಬಿಟ್ಟಿತು ಎಂದು ಸ್ಪಷ್ಟವಾಗಿ ಅನ್ನಿಸಿತ್ತು. ಹದಿನೆಂಟು ಗಂಟೆ ಸುಮ್ಮನೆ ಬಿಟ್ಟಿದ್ದರಿಂದ ಆ ಕಣಗಳು ನಿಧಾನವಾಗಿ ಎಣ್ಣೆಯ ಅಡಿಗೆ ನುಸುಳಿರಬೇಕು. ಅವನು ತಲೆ ಕೆರೆದುಕೊಂಡು, ಮಧ್ಯೆ ಒಂದು ದಿನ ಪಂಪು ನಿಲ್ಲಿಸಿ ನೋಡೋಣವೇ ಎಂದು ಕೀರ್ತನಳನ್ನು ಕೇಳಿದ. ಅವಳು ದಣಿದಿದ್ದಳು. ನಿಲ್ಲಿಸದೆ ಬಂದದ್ದನ್ನು ನಿಲ್ಲಿಸಿ ಯಾಕೆ ನೋಡಬೇಕು ರಾಜಣ್ಣ ಎಂದು ನಕ್ಕಳು. ಪಕ್ಕದಲ್ಲಿದ್ದ ನಿರ್ದೇಶಕ ಸುನಿಲ್‌ಕುಮಾರ್ ಕೂಡ ನಕ್ಕು, ಪಂಪಿಗೂ ರಜೆ ಬೇಕಂತೆ ಅಂದರು. ಶಂಖದಿಂದ ಬಂದರೇ ತೀರ್ಥ. ಗೋವಿಂದರಾಜುವೂ ಜೊತೆಗೆ ನಕ್ಕ. ಆ ರಾತ್ರಿಪಾಳಿಯಲ್ಲಿ ಕದ್ದು ಪಂಪು ನಿಲ್ಲಿಸಿ ಅವಳಿಗೆ ಆ ಎಣ್ಣೆಯನ್ನು ಕೊಟ್ಟುಬಿಡೋಣ ಎಂದು ಸ್ವಿಚ್ಚಿನ ಮೇಲೆ ಕೈ ಇಟ್ಟದ್ದೂ ಉಂಟು. ಕಂಪ್ಯೂಟರು ಎಲ್ಲವನ್ನೂ ಬರೆದುಕೊಳ್ಳುತ್ತಿತ್ತು. ಕೈ ತೆಗೆದ.

ಈವತ್ತು ಹನ್ನೊಂದು ಗಂಟೆಗೆ ಸುನಿಲ್‌ಕುಮಾರ್ ಅವನನ್ನು ಮೀಟಿಂಗ್ ಕೋಣೆಗೆ ಕರೆಸಿದರು. ಕೇಳಿಯೇ ಬಿಡುತ್ತಾರೆ, ಕೇಳಿದರೆ ಹೇಳುವುದು ಸುಲಭ ಎಂದುಕೊಂಡು ಮೆಟ್ಟಿಲು ಹತ್ತಿದ. ಅವರು ಪ್ರೊಜೆಕ್ಟರಿನ ತಂತಿ ತೋರಿಸಿ, ಇದು ಯಾಕೆ ಮಿಣುಕುತ್ತಿದೆ ನೋಡಿ ಅಂದರು. ಅವನು ಮೇಜಿನ ಕೆಳಗೆ ತೂರಿ ತಂತಿ ಬಿಗಿ ಮಾಡುತ್ತಿದ್ದಾಗ ಮೇಲೆ ಫೋನಿನಲ್ಲಿ ಅವರ ಮಾತು ಕೇಳಿಸುತ್ತಿತ್ತು. ದೆಹಲಿಯವರಿಗೇ ಇರಬೇಕು. ಹುಡುಗಿ ಒಳ್ಳೆಯವಳೇ, ಅವಸರ ಬಿದ್ದಳು, ಸಾಕ್ಷಿ ಅಂತ ಯಾರೂ ಇಲ್ಲ, ಆ ದಿನ ಡ್ಯೂಟಿಯಲ್ಲಿದ್ದದ್ದು ಒಬ್ಬ ಟೆಕ್ನಿಷಿಯನ್, ಅವನಿಗೇನು ಗೊತ್ತಾಗುತ್ತದೆ ಎಂದು ಹೇಳುತ್ತಿದ್ದರು. ಎದುರಿಗೆ ಅವರ ಬೂಟುಗಳು, ಒಂದರ ಲೇಸು ಬಿಚ್ಚಿತ್ತು. ತನ್ನನ್ನು ಮನುಷ್ಯರ ಲೆಕ್ಕದಿಂದ ಬಿಟ್ಟದ್ದಕ್ಕೆ ಅವನಿಗೆ ಸಿಟ್ಟು ಬಂತು, ಅದರ ಬೆನ್ನಿಗೇ ದೊಡ್ಡದೊಂದು ನೆಮ್ಮದಿಯೂ ಬಂತು, ಮತ್ತು ಆ ನೆಮ್ಮದಿಗೆ ಅವನಿಗೆ ನಾಚಿಕೆಯಾಯಿತು. ಏನೂ ಗೊತ್ತಾಗದವನನ್ನು ಯಾರೂ ಏನೂ ಕೇಳುವುದಿಲ್ಲ. ಹೀಗೇ ಮೇಜಿನ ಕೆಳಗೆ ನಿವೃತ್ತಿಯವರೆಗೂ ಇದ್ದುಬಿಡಬಹುದು. ಹೊರಗೆ ಬಂದು ಕೈ ಝಾಡಿಸಿಕೊಂಡು, ಸರಿಹೋಯಿತು ಸಾರ್ ಅಂದ. ಗುಡ್, ಮೂರು ಗಂಟೆಗೆ ಕಾಫಿ ಕಳಿಸೋಕೆ ಹೇಳಿ ಅಂದರು.

ಮಧ್ಯಾಹ್ನ ಒಂದೂವರೆಗೆ ಕೀರ್ತನ ಪಂಪಿನ ಕೋಣೆಯಲ್ಲಿ ಕೂತು ಮೊಸರನ್ನ ತಿನ್ನುತ್ತಿದ್ದಳು. ಯಾವಾಗಲೂ ಕ್ಯಾಂಟೀನಿಗೆ ಹೋಗುವವಳು, ಜನರ ಮುಖ ನೋಡಲಾರದೆ ಇಲ್ಲಿಗೆ ಬಂದಿದ್ದಳು. ಪಕ್ಕದಲ್ಲಿ ಆ ಕಾಗದ, ಅದರ ಮೇಲೆ ಪೆನ್ನು, ಅದರ ಪಕ್ಕ ಆ ವರ್ಷದ ರೀಡಿಂಗ್ ಪುಸ್ತಕ. ಮೊದಲಿಗಿಂತ ಸಣ್ಣಗಾಗಿದ್ದಳು. ರಾಜಣ್ಣ ಊಟ ಆಯ್ತಾ ಎಂದು ಕೇಳಿದಳು. ಆಗಿಲ್ಲ ಎಂದು ಅವನು ಡಬ್ಬಿ ತೆಗೆದ. ಮುದ್ದೆ, ಹುಳಿಸಾರು. ಒಂದು ತುತ್ತು ಮುರಿದ. ಸಾರಿಗೆ ಅದ್ದದೆ ಹಾಗೇ ಇಟ್ಟ.

"ಮೇಡಂ, ಆಯುಧಪೂಜೆ ದಿವಸ ಪಂಪು ನಿಲ್ಸಿದ್ದೆ," ಎಂದ.

ಅವಳು ಚಮಚವನ್ನು ಡಬ್ಬಿಯಲ್ಲಿಟ್ಟಳು.

"ಪೂಜೆಗೆ ಅಂತ ಹನ್ನೆರಡು ಗಂಟೆಗೆ ನಿಲ್ಸ್ದೋನು ಮಾರನೇ ದಿನ ಬೆಳಿಗ್ಗೆ ಆರಕ್ಕೆ ಶುರು ಮಾಡ್ದೆ. ಮನೇಗ್ ಹೋಗ್ಬಿಟ್ಟಿದ್ದೆ. ಕರೆಂಟು ಹೋಗಿರ್ಲಿಲ್ಲ. ಎಣ್ಣೆ ಬಂದಿದ್ದು ಮಾತ್ರ ಸುಳ್ಳಲ್ಲ ಮೇಡಂ, ಅದನ್ನ ಕಣ್ಣಾರೆ ನೋಡಿದ್ದೀನಿ. ಮೇಲೆ ಹೋಗಿ ನಾನೇ ಹೇಳ್ತೀನಿ. ನೀವು ಸಹಿ ಹಾಕ್ಬೇಡಿ."

ಇಷ್ಟನ್ನು ಹೇಳುವುದಕ್ಕೆ ಅರ್ಧ ನಿಮಿಷ ಸಾಕಾಯಿತು. ಎರಡು ವರ್ಷ ಇದನ್ನೇ ಹೊತ್ತುಕೊಂಡು ತಿರುಗಿದ್ದೆನೇ ಎಂದು ಅವನಿಗೆ ವಿಚಿತ್ರವೆನಿಸಿತು. ಅವಳು ಬೈಯಲಿಲ್ಲ. ಅವಳು ನೋಡುತ್ತಿದ್ದದ್ದು ಅವನನ್ನಲ್ಲ, ಅವನ ಹಿಂದಿದ್ದ ಪಂಪನ್ನು. ನೋಡುತ್ತ ನೋಡುತ್ತ ಅವಳ ಮುಖದಲ್ಲಿ ಬಹಳ ದಿನದಿಂದ ಇಲ್ಲದಿದ್ದ ಒಂದು ಕಳೆ ಬಂತು. ಹದಿನೆಂಟು ಗಂಟೆ ನೆನೆದಿದೆ, ನಾವ್ಯಾರೂ ನೆನೆಯೋಕೆ ಬಿಡಲೇ ಇಲ್ಲ ಎಂದು ತನಗೆ ತಾನೇ ಅಂದುಕೊಂಡಳು. ಹಾಗಾದ್ರೆ ದ್ರವದ್ದೇನೂ ತಪ್ಪಿಲ್ಲ, ಎಲ್ಲರೂ ತಳ್ಳಿದ್ದೇ ತಪ್ಪು ಅಂದಳು. ಎದ್ದು ಕಿಟಕಿಯವರೆಗೆ ಹೋಗಿ ಬಂದಳು. ಗೋವಿಂದರಾಜುವಿಗೆ ಎದೆಯ ಮೇಲಿನ ಚಪ್ಪಡಿ ಯಾರೋ ಎತ್ತಿಟ್ಟಂತಾಯಿತು. ಸಂತೋಷವಾಯಿತು, ನಿಜವಾಗಿ ಸಂತೋಷವಾಯಿತು. ಕೆಲಸ ಹೋದರೆ ಹೋಗಲಿ, ಮತ್ತೆ ಮಗ್ಗದ ಮೊಳೆ ಬಿಗಿ ಮಾಡಿಕೊಂಡಿದ್ದರಾಯಿತು ಎಂದುಕೊಂಡ. ಮುರಿದಿಟ್ಟ ತುತ್ತನ್ನು ಸಾರಿಗೆ ಅದ್ದಿ ನುಂಗಿದ.

ಅವಳು ಕುರ್ಚಿಗೆ ಬಂದು ರೀಡಿಂಗ್ ಪುಸ್ತಕ ತೆರೆದಳು. ಆ ಪುಟ ತಾನಾಗಿಯೇ ತೆರೆದುಕೊಂಡಿತು, ಅಷ್ಟು ಸಲ ತೆರೆದಿದ್ದಳು. "ಹಾಗಾದ್ರೆ ಈ ಒತ್ತಡದ ರೀಡಿಂಗು?" ಎಂದು ಕೇಳಿದಳು.

"ಅದು ನಾನೇ ಬರ್ದಿದ್ದು ಮೇಡಂ. ಈ ದ್ರವಕ್ಕೆ ಹೆಂಗೆ ಏರ್ತದೆ ಅಂತ ಕೈಗೆ ಗೊತ್ತಲ್ಲ."

"ಯಾವ್ದು?"

"ಹದಿನೆಂಟೂ."

ಅವನ ದನಿಯಲ್ಲಿ ಕೆಲಸ ಬಲ್ಲವನ ಒಂದು ಸಣ್ಣ ಹೆಮ್ಮೆ ಇತ್ತು. ಆ ಹೆಮ್ಮೆ ಬಾಯಿಂದ ಹೊರಬಿದ್ದ ಮೇಲೆ ಅವನಿಗೇ ಕೇಳಿಸಿತು. ಕೀರ್ತನ ಬೆರಳನ್ನು ಸಾಲಿನಿಂದ ಸಾಲಿಗೆ ಇಳಿಸುತ್ತ ಹತ್ತನೆಯದರ ಮೇಲೆ ನಿಲ್ಲಿಸಿದಳು. ರಾತ್ರಿ ಹತ್ತು ಗಂಟೆಯ ಸಾಲು. ಏರುತ್ತ ಬಂದ ಒತ್ತಡ ಅಲ್ಲಿ ಸ್ವಲ್ಪ ಇಳಿದು ಮತ್ತೆ ಏರುತ್ತಿತ್ತು. ಐದು ತಿಂಗಳು ನಿದ್ದೆಗೆಟ್ಟು ಈ ಇಳಿತದ ಬಗ್ಗೆ ಯೋಚಿಸಿದ್ದೆ ಎಂದು ಅವಳು ಮೆಲ್ಲಗೆ ಹೇಳತೊಡಗಿದಳು. ಕಣಗಳು ಕಲ್ಲಿನ ಗಂಟಲಲ್ಲಿ ಗುಂಪುಗೂಡಿ, ಒಂದು ಸಲ ಸಡಿಲಾಗಿ, ಮತ್ತೆ ಗುಂಪುಗೂಡುತ್ತವೆ, ಎಣ್ಣೆ ಬಿಡುವ ಗುಟ್ಟೇ ಅದು ಎಂದು ಒಂದು ಸಮೀಕರಣ ಕಟ್ಟಿದ್ದಳು. ಅನಿಲ ಎಷ್ಟು ವರ್ಷ ಕೆಳಗೆ ನಿಲ್ಲುತ್ತದೆ ಎಂಬ ಲೆಕ್ಕವನ್ನೂ ಅದರ ಮೇಲೇ ಕಟ್ಟಿದ್ದಳು. ಎಣ್ಣೆಯ ಅಂಕಿ ಬಿದ್ದುಹೋದರೂ ಆ ಸಮೀಕರಣ ಒಂದಾದರೂ ಉಳಿಯುತ್ತದೆ, ಅದನ್ನು ಇಟ್ಟುಕೊಂಡು ಎಲ್ಲಾದರೂ ಬದುಕಿಕೊಳ್ಳಬಹುದು ಎಂದು ನಿನ್ನೆಯವರೆಗೂ ನಂಬಿದ್ದೆ ಎಂದಳು. ಗೋವಿಂದರಾಜು ಆ ಸಾಲನ್ನು ನೋಡಿದ. ಅವನಿಗೆ ನೆನಪಿತ್ತು. ಒಂದೇ ಸಮ ಏರಿಸುತ್ತ ಹೋದ ಮೇಲೆ, ಇಷ್ಟು ನೇರವಾಗಿದ್ದರೆ ಕಳ್ಳತನ ಗೊತ್ತಾಗುತ್ತದೆ ಅನ್ನಿಸಿ, ಕಾಫಿಯ ಒಂದು ಗುಟುಕು ಕುಡಿದು, ಅಲ್ಲೊಂದು ಕಡೆ ಸ್ವಲ್ಪ ಇಳಿಸಿದ್ದ.

ಅದನ್ನು ಅವಳಿಗೆ ಹೇಳಲಿಲ್ಲ. ಹೇಳುವ ಅಗತ್ಯವಿರಲಿಲ್ಲ.

ಎರಡು ವರ್ಷ ನಾನು ಕಲ್ಲನ್ನು ಓದುತ್ತಿದ್ದೇನೆ ಅಂದುಕೊಂಡು ನಿಮ್ಮನ್ನು ಓದಿದೆ ಎಂದು ಅವಳು ಅಂದಳು. ದನಿಯಲ್ಲಿ ಆರೋಪವಿರಲಿಲ್ಲ, ಅಳತೆ ತೆಗೆದುಕೊಳ್ಳುವಾಗಿನ ಎಚ್ಚರವಿತ್ತು. ಕಾಗದದ ಮೇಲಿದ್ದ ಪೆನ್ನನ್ನು ತೆಗೆದು ಅವನ ಕಡೆ ಚಾಚಿದಳು. "ಒಂದೊಂದ್ ಸಾಲಿನ ಎದುರಿಗೂ ಬರೀರಿ. ನೋಡಿದ್ದೋ, ನೋಡ್ದೆ ಬರ್ದಿದ್ದೋ."

ಗೋವಿಂದರಾಜು ಎದ್ದು ಕೈತೊಳೆದು, ಒರೆಸಿಕೊಂಡು, ಬಂದು ಕೂತ. ಮೊದಲ ಸಾಲಿನ ಎದುರಿಗೆ ನೋಡಿಲ್ಲ ಎಂದು ಬರೆದ. ಎರಡನೆಯದರ ಎದುರಿಗೆ ನೋಡಿಲ್ಲ. ಮೂರು, ನಾಲ್ಕು. ಏಳೆಂಟು ಸಾಲಿನ ಹೊತ್ತಿಗೆ ಕೈಗೆ ಅಭ್ಯಾಸವಾಯಿತು, ಅಕ್ಷರಗಳು ದುಂಡಗಾಗತೊಡಗಿದವು. ಹತ್ತನೆಯದನ್ನೂ ಉಳಿದವುಗಳಂತೆಯೇ ಬರೆದು ಮುಂದಕ್ಕೆ ಹೋದ. ಅವಳು ನಿಂತು ನೋಡುತ್ತಿದ್ದಳು. ಮೊಸರನ್ನದ ಡಬ್ಬಿಗೆ ಒಂದು ನೊಣ ಬಂದು ಕೂತಿತ್ತು, ಇಬ್ಬರೂ ಅದನ್ನು ಓಡಿಸಲಿಲ್ಲ. ಹದಿನೆಂಟು ಮುಗಿದು ಬೆಳಿಗ್ಗೆ ಏಳು ಗಂಟೆಯ ಸಾಲು ಬಂತು. ಎಣ್ಣೆ, ಒಂದು ಪಾಯಿಂಟ್ ನಾಲ್ಕು. ಮಂಡಿಯೂರಿದಾಗ ನೆಲ ತಣ್ಣಗಿದ್ದದ್ದು, ಗಾಜಿನಲ್ಲಿ ಎಳೆ ಕಡಿಯದೆ ಇಳಿದದ್ದು, ಕಣ್ಣು ಮಂಜಾದದ್ದು ಎಲ್ಲ ಕಣ್ಣಿಗೆ ಕಟ್ಟಿದ ಹಾಗಿತ್ತು. ಆ ಸಾಲಿನ ಎದುರಿಗೆ ಅವನು ನೋಡಿದ್ದು ಎಂದು ದೊಡ್ಡದಾಗಿ ಬರೆದ. ಬರೆದು ಕೆಳಗೆ ಗೆರೆ ಎಳೆದ.

"ಇನ್ನೊಂದು ಕಲ್ಲು ಇಡೋಣ ಮೇಡಂ. ಆರು ವಾರ ಆದ್ರೂ ಆಗ್ಲಿ. ಈ ಸಲ ನಿಲ್ಸೇ ಮಾಡೋಣ. ನಾನೇ ಕೂತು ನೋಡಿ ಬರೀತೀನಿ."

ಕೀರ್ತನ ಪುಸ್ತಕವನ್ನು ತನ್ನ ಕಡೆ ತಿರುಗಿಸಿಕೊಂಡಳು. ಹತ್ತೊಂಬತ್ತನೆಯ ಸಾಲನ್ನೂ, ಅದರ ಮೇಲಿನ ಹದಿನೆಂಟನ್ನೂ ಹೋಲಿಸಿ ನೋಡಿದಳು. ಕೆಳಗೆ ಗೇಟಿನ ಬಳಿ ಕಾರೊಂದು ಬಂದು ನಿಂತ ಸದ್ದಾಯಿತು, ಸುನಿಲ್‌ಕುಮಾರ್ ಮೆಟ್ಟಿಲಿಳಿದು ಹೋದರು.

"ಇದೊಂದನ್ನ ನಾನು ಹೇಗೆ ನಂಬ್ಲಿ, ಗೋವಿಂದರಾಜು ಅವ್ರೇ?"

ಕೋಪದಿಂದ ಕೇಳಿದ್ದಲ್ಲ. ಅವಳಿಗೆ ನಿಜವಾಗಿಯೂ ಉತ್ತರ ಬೇಕಿತ್ತು, ಬೇಗ ಬೇಕಿತ್ತು, ಮೇಲೆ ಹೋಗಿ ಹೇಳಲು ಬೇಕಿತ್ತು. ಗೋವಿಂದರಾಜು ಏಳು ಗಂಟೆಯ ಸಾಲಿನ ಮೇಲೆ ಬೆರಳಿಟ್ಟ. ಅವನು ನೋಡಿದ್ದ. ನೋಡಿದ್ದೆ ಅನ್ನುವ ಮಾತೊಂದನ್ನು ಬಿಟ್ಟರೆ ಅವನ ಬಳಿ ಬೇರೆ ಏನೂ ಇರಲಿಲ್ಲ.